ಗಾಲ್ಫ್ ಅಂಗಳದ ಜೀರ್ಣೋದ್ಧಾರ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ನೈಋತ್ಯ ದಿಕ್ಕಿನಲ್ಲಿ, ಪೆಸಿಫಿಕ್ ಸಾಗರಕ್ಕೆ ಅನತಿದೂರದಲ್ಲಿ, ಮರ್ಸೆಡ್ ಎಂಬ ಸರೋವರವಿದೆ. ಅದರ ಆಸುಪಾಸಿನಲ್ಲಿ ಹಲವು ಗಾಲ್ಫ್ ಅಂಗಳಗಳಿವೆ. ಅವುಗಳಲ್ಲಿ ಒಲಿಂಪಿಕ್ ಕ್ಲಬ್ಬಿನ ಅಂಗಳವು ಆ ಕ್ಲಬ್ಬಿನ ಸದಸ್ಯರಿಗೆ ಮೀಸಲಾದುದು. ಹಾರ್ಡಿಂಗ್ ಪಾರ್ಕ್ ಎಂಬುದಾದರೋ ನಗರದ ಸಾರ್ವಜನಿಕ ಸ್ವತ್ತು. ಶುಲ್ಕ ತೆತ್ತವರು ಯಾರೇ ಆಗಲಿ ಅಲ್ಲಿ ಆಡಬಹುದು. 1998ರ ಜೂನ್ ತಿಂಗಳಲ್ಲಿ ಒಲಿಂಪಿಕ್ ಕ್ಲಬ್ಬಿನಲ್ಲಿ ಅಮೆರಿಕದ ಓಪನ್ ಪಂದ್ಯಾವಳಿ ನಡೆದಾಗ, ನೋಡಲು ಬಂದ ಜನರ ಕಾರುಗಳನ್ನು ನಿಲ್ಲಿಸಲು ಸ್ಥಳ ಬೇಕಾಯಿತು. ಆ ಸ್ಥಳ ಹಾರ್ಡಿಂಗ್ ಪಾರ್ಕಿನ ಹುಲ್ಲುಬಯಲಿನಲ್ಲಿ ದೊರೆಯಿತು. ಒಂದು ಅಂಗಳದಲ್ಲಿ ಜಗತ್ತಿನ ಶ್ರೇಷ್ಠ ಆಟಗಾರರು. ನೆರೆಯ ಅಂಗಳದಲ್ಲಿ ಸಾಲುಸಾಲಾಗಿ ಮೋಟಾರುಗಾಡಿಗಳು!

ಏಳು ವರ್ಷಗಳು ಕಳೆದವು. 2005ರ ಅಕ್ಟೋಬರಿನಲ್ಲಿ, ಗಾಡಿಗಳು ನಿಂತಿದ್ದ ಆ ಅಂಗಳದಲ್ಲಿಯೇ ಟೈಗರ್ ವುಡ್ಸ್ ಮತ್ತು ಜಾನ್ ಡೇಲಿ ವಿಶ್ವ ಗಾಲ್ಫ್ ಚಾಂಪಿಯನ್‌ಷಿಪ್ ಸರಣಿಯ ಒಂದು ಪ್ರಶಸ್ತಿಗಾಗಿ ಸೆಣಸಿದರು. ಈ ನಡುವೆ ಆ ನೆಲಕ್ಕೆ ಏನು ಮಾಡಿದರು? ಏಕೆ ಮಾಡಿದರು? ಮಣ್ಣು, ನೀರು, ಹುಲ್ಲು, ಗಾಳಿ ಈ ನಾಲ್ಕರ ವರ್ತನೆಯನ್ನು ಅರಿತರೆ ಉತ್ತರದ ಬಹುಭಾಗ ದೊರೆಯುತ್ತದೆ. ಅದಕ್ಕೆ ಬೇಕಾಗುವ ಭೌತವಿಜ್ಞಾನವೆಲ್ಲ ನಮ್ಮ ಹೈಸ್ಕೂಲು ಮತ್ತು ಕಾಲೇಜಿನ ಪಠ್ಯಪುಸ್ತಕಗಳಲ್ಲಿಯೇ ಇದೆ. ಆದರೆ ಪಠ್ಯಪುಸ್ತಕಗಳಲ್ಲಿ ಇಲ್ಲದ ಇನ್ನೊಂದು ಪ್ರಶ್ನೆಯೂ ಇಲ್ಲಿ ಏಳುತ್ತದೆ. ನಾಲ್ಕು ದಿನ ಆಡಿ ಹೋಗುವ ಪ್ರವೀಣರಿಗಾಗಿ, ವರ್ಷವೆಲ್ಲ ಆಡುವ ಸಾಮಾನ್ಯರ ಅಂಗಳವನ್ನು ಬದಲಾಯಿಸುವುದು ಎಷ್ಟರಮಟ್ಟಿಗೆ ಸರಿ?

ಅಂಗಳದ ಪೂರ್ವಕಥೆ

ಗಾಲ್ಫ್ ಆಟವನ್ನು ಕಂಡರಿಯದ ವಾಚಕರಿಗಾಗಿ ಮೊದಲು ಎರಡು ಮಾತು. ಸುಮಾರು 43 ಮಿಲಿಮೀಟರು ವ್ಯಾಸದ ಗಟ್ಟಿ ಚೆಂಡೊಂದನ್ನು ಕೋಲಿನಿಂದ ಹೊಡೆದು, 108 ಮಿಲಿಮೀಟರು ವ್ಯಾಸದ ಕುಳಿಯೊಳಕ್ಕೆ ಆದಷ್ಟು ಕಡಮೆ ಹೊಡೆತಗಳಲ್ಲಿ ಬೀಳಿಸುವುದೇ ಈ ಆಟದ ಗುರಿ. ಪೂರ್ಣ ಅಂಗಳವೊಂದರಲ್ಲಿ ಇಂಥ 18 ಕುಳಿಗಳಿರುತ್ತವೆ. ಮೊದಲ ಹೊಡೆತಕ್ಕೆ ನಿಲ್ಲುವ ಸಮತಟ್ಟಾದ ಜಗಲಿಗೆ ಟೀ ಎಂದೂ, ಅಲ್ಲಿಂದ ಮುಂದಕ್ಕೆ ಚಾಚಿರುವ ಹುಲ್ಲುಹಾದಿಗೆ ಫೇರ್‌ವೇ ಎಂದೂ, ಕುಳಿಯ ಸುತ್ತಲಿನ ನುಣ್ಣನೆ ಕತ್ತರಿಸಿದ ಹುಲ್ಲಿನ ಭಾಗಕ್ಕೆ ಗ್ರೀನ್ ಎಂದೂ ಹೆಸರು. ಆಟಗಾರನನ್ನು ಪೇಚಿಗೆ ಸಿಲುಕಿಸಲೆಂದೇ ತೋಡಿ ಮರಳು ತುಂಬಿದ ತಗ್ಗುಗಳು ಬಂಕರುಗಳು.

ಅಮೆರಿಕದ ಅಧ್ಯಕ್ಷರಾಗಿದ್ದ ವಾರನ್ ಹಾರ್ಡಿಂಗರು 1923ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೇ ತೀರಿಕೊಂಡರು. ಎರಡು ವರ್ಷಗಳ ತರುವಾಯ, 1925ರಲ್ಲಿ, ನಗರವು ತೆರೆದ ಈ ಅಂಗಳಕ್ಕೆ ಅವರ ಹೆಸರನ್ನಿಟ್ಟಿತು. ವಿಲ್ಲಿ ವಾಟ್ಸನ್ ಮತ್ತು ಸ್ಯಾಮ್ ವೈಟಿಂಗ್ ಎಂಬವರು ಅದನ್ನು ರೂಪಿಸಿದರು. ಸಾರ್ವಜನಿಕ ಅಂಗಳಗಳ ಆಟಗಾರರಿಗೆಂದೇ ಇದ್ದ ರಾಷ್ಟ್ರೀಯ ಪಂದ್ಯಾವಳಿಯು 1937ರಲ್ಲಿಯೂ 1956ರಲ್ಲಿಯೂ ಅಲ್ಲಿ ನಡೆಯಿತು. 1960ರ ದಶಕದಲ್ಲಿ ವೃತ್ತಿಪರರ ಪಂದ್ಯಗಳೂ ನಡೆದವು. ಅದೇ ಅಂಗಳದಲ್ಲಿ ಆಡುತ್ತ ಬೆಳೆದ ಕೆನ್ ವೆಂಟುರಿ ಎಂಬ ಸ್ಥಳೀಯ ಆಟಗಾರರು 1964ರಲ್ಲಿ ಅಮೆರಿಕದ ಓಪನ್ ಪ್ರಶಸ್ತಿಯನ್ನು ಗೆದ್ದು, 1966ರಲ್ಲಿ ಹಾರ್ಡಿಂಗ್ ಪಾರ್ಕಿನ ಪಂದ್ಯಾವಳಿಯಲ್ಲಿಯೂ ಜಯಶಾಲಿಯಾದರು. ಸಾರ್ವಜನಿಕ ಅಂಗಳವೊಂದಕ್ಕೆ ಇದಕ್ಕಿಂತ ಹೆಮ್ಮೆಯ ಸಂಗತಿ ಮತ್ತಾವುದು?

ಆದರೆ ಸ್ವತ್ತು ಎಲ್ಲರದಾದಾಗ ಅದರ ಪಾಲನೆ ಯಾರದೂ ಅಲ್ಲವೆಂಬಂತಾಗುವುದುಂಟು. ಮುಂದಿನ ದಶಕಗಳಲ್ಲಿ ಹಾರ್ಡಿಂಗ್ ಪಾರ್ಕು ಸೊರಗುತ್ತ ಹೋಯಿತು. ಅದು ಕಾರುಗಳ ನಿಲ್ದಾಣವಾದದ್ದು ಆ ದುರವಸ್ಥೆಯ ಕಾರಣವಲ್ಲ, ಲಕ್ಷಣ. ಅಮೆರಿಕದ ಗಾಲ್ಫ್ ಸಂಘದ ಅಧ್ಯಕ್ಷರಾಗಿದ್ದ ಫ್ರ್ಯಾಂಕ್ ಟೇಟಮ್ ಎಂಬ ಹಿರಿಯ ವಕೀಲರು ಇದರ ಉದ್ಧಾರಕ್ಕಾಗಿ ವರ್ಷಗಟ್ಟಲೆ ದುಡಿದರು. ವೃತ್ತಿಪರರ ಪಂದ್ಯಾವಳಿಗಳನ್ನು ಇಲ್ಲಿಗೆ ತಂದರೆ ಅಂಗಳವೂ ಸುಧಾರಿಸೀತು, ನಗರಕ್ಕೆ ಆದಾಯವೂ ದೊರೆತೀತು ಎಂಬುದು ಅವರ ವಾದವಾಗಿತ್ತು. 2002ರಲ್ಲಿ ಅಂಗಳವನ್ನು ಮುಚ್ಚಿ, ಸುಮಾರು ಒಂದು ಕೋಟಿ ಅರವತ್ತು ಲಕ್ಷ ಡಾಲರುಗಳ ವೆಚ್ಚದಲ್ಲಿ ಕೆಲಸ ನಡೆಸಿ, 2003ರ ಆಗಸ್ಟಿನಲ್ಲಿ ಮತ್ತೆ ತೆರೆದರು.

ನೆಲವೂ ಉಸಿರಾಡಬೇಕು

ಹುಲ್ಲು ಬೆಳೆಯುವುದು ಮೇಲೆ. ಅದರ ಬಾಳ್ವೆ ನಡೆಯುವುದು ಕೆಳಗೆ. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧಭಾಗ ಮಾತ್ರ ಘನಪದಾರ್ಥ. ಉಳಿದರ್ಧ ಕಣಗಳ ನಡುವಣ ಸಂದುಗಳು. ಈ ಸಂದುಗಳಲ್ಲಿ ಕೆಲವು ನೀರನ್ನು ಹಿಡಿದಿಟ್ಟುಕೊಂಡರೆ ಕೆಲವು ಗಾಳಿಗೆ ಎಡೆಗೊಡುತ್ತವೆ. ಬೇರುಗಳಿಗೆ ಎರಡೂ ಬೇಕು. ಆಮ್ಲಜನಕವಿಲ್ಲದೆ ಬೇರು ಬದುಕಲಾರದು.

ಈಗ ನೆಲವನ್ನು ತುಳಿದರೆ ಏನಾಗುತ್ತದೆ? ಅರವತ್ತು ಕಿಲೋಗ್ರಾಂ ತೂಕದ ಮನುಷ್ಯನೊಬ್ಬನು ಎರಡು ಪಾದಗಳ ಮೇಲೆ ನಿಂತಾಗ, ಅಂಗಾಲುಗಳ ವಿಸ್ತೀರ್ಣವು 300 ಚದರ ಸೆಂಟಿಮೀಟರು ಎಂದಿಟ್ಟುಕೊಂಡರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 0.2 ಕಿಲೋಗ್ರಾಂ. ಕಾರಿನ ಚಕ್ರದ ಕೆಳಗಾದರೋ ಅದು ಗಾಲಿಯೊಳಗಿನ ಗಾಳಿಯ ಒತ್ತಡಕ್ಕೆ ಹೆಚ್ಚುಕಡಮೆ ಸಮನಾಗಿ, ಎರಡು ಕಿಲೋಗ್ರಾಮಿನಷ್ಟಿರುತ್ತದೆ, ಎಂದರೆ ಹತ್ತುಪಟ್ಟು. ಒದ್ದೆ ಮಣ್ಣಿನ ಮೇಲೆ ಇಂಥ ಒತ್ತಡ ಬಿದ್ದರೆ ಕಣಗಳು ಒಂದಕ್ಕೊಂದು ಒತ್ತಿಕೊಂಡು, ದೊಡ್ಡ ಸಂದುಗಳು ಮೊದಲು ಮುಚ್ಚಿಹೋಗುತ್ತವೆ. ಸಾವಿರಾರು ಜನರು ವರ್ಷಗಟ್ಟಲೆ ನಡೆದಾಡುವ ದಾರಿಯಲ್ಲಿಯೂ ನಿಧಾನವಾಗಿ ಇದೇ ಆಗುತ್ತದೆ.

ದೊಡ್ಡ ಸಂದುಗಳು ಮುಚ್ಚಿದರೆ ಆಗುವ ಹಾನಿ ನಾವು ಊಹಿಸುವುದಕ್ಕಿಂತ ಹೆಚ್ಚು. ಕಿರಿದಾದ ನಳಿಕೆಯಲ್ಲಿ ಹರಿಯುವ ದ್ರವದ ಪ್ರಮಾಣವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ ಎಂಬ ಪ್ವಾಸೆಯ್ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಸಂದಿನ ತ್ರಿಜ್ಯವು ಅರ್ಧಕ್ಕಿಳಿದರೆ ಅದರ ಮೂಲಕ ಹರಿಯುವ ನೀರು ಅರ್ಧಕ್ಕಲ್ಲ, ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಆಗ ಮಳೆನೀರು ಇಂಗದೆ ಮೇಲೆಯೇ ನಿಲ್ಲುತ್ತದೆ, ಬೇರು ಉಸಿರುಗಟ್ಟುತ್ತದೆ, ಹುಲ್ಲು ಹಳದಿಗೆ ತಿರುಗುತ್ತದೆ. ಆದುದರಿಂದಲೇ ಅಂಗಳಗಳ ಪಾಲಕರು ಟೊಳ್ಳು ಮೊಳೆಗಳುಳ್ಳ ಯಂತ್ರದಿಂದ ನೆಲದಲ್ಲಿ ಬೆರಳುಗಾತ್ರದ ತೂತುಗಳನ್ನು ಕೊರೆದು, ಮಣ್ಣಿನ ತಿರುಳನ್ನು ಹೊರತೆಗೆದು, ಆ ಜಾಗದಲ್ಲಿ ಮರಳು ತುಂಬುತ್ತಾರೆ. ಹೊಲವನ್ನು ಉತ್ತು ಸಡಿಲಗೊಳಿಸುವ ನಮ್ಮ ರೈತನ ಉದ್ದೇಶವೂ ಬಹುಮಟ್ಟಿಗೆ ಇದೇ.

ಮರಳಿನ ವಿಚಿತ್ರ ವರ್ತನೆ

ಗ್ರೀನುಗಳ ವಿಷಯದಲ್ಲಿ ಇಷ್ಟು ಸಾಲದು. ಅವುಗಳನ್ನು ಬುಡದಿಂದಲೇ ಹೊಸದಾಗಿ ಕಟ್ಟುವುದುಂಟು. ಅಮೆರಿಕದ ಗಾಲ್ಫ್ ಸಂಘವು 1960ರಲ್ಲಿ ಮೊದಲು ಪ್ರಕಟಿಸಿದ ಕ್ರಮವೊಂದು ಇಂದಿಗೂ ಇದಕ್ಕೆ ಮಾದರಿಯಾಗಿದೆ. ಕೆಳಗೆ ನೀರು ಸಾಗಿಸುವ ಕೊಳವೆಗಳು; ಅವುಗಳ ಮೇಲೆ ಹತ್ತು ಸೆಂಟಿಮೀಟರು ಸಣ್ಣ ಜಲ್ಲಿ; ಅದರ ಮೇಲೆ ಮೂವತ್ತು ಸೆಂಟಿಮೀಟರು ಮರಳು ಪ್ರಧಾನವಾದ ಮಿಶ್ರಣ; ಅದರ ಮೇಲೆ ಹುಲ್ಲು.

ಮೇಲಿನ ಮರಳಿನಿಂದ ನೀರನ್ನು ಬೇಗನೆ ಬಸಿದುಬಿಡುವುದಕ್ಕಾಗಿಯೇ ಜಲ್ಲಿಯನ್ನು ಹಾಕಿದ್ದಾರೆಂದು ಯಾರಿಗಾದರೂ ತೋರುತ್ತದೆ. ವಾಸ್ತವವಾಗಿ ನಡೆಯುವುದು ಅದಕ್ಕೆ ವಿರುದ್ಧ. ಜಲ್ಲಿಯ ಪದರವಿರುವುದರಿಂದ ಮರಳಿನ ಕೆಳಭಾಗದಲ್ಲಿ ನೀರು ತಂಗಿ ನಿಲ್ಲುತ್ತದೆ! ಇದರ ಕಾರಣ ಲೋಮನಾಳಕ್ರಿಯೆ. ಸಣ್ಣ ಸಂದಿನಲ್ಲಿ ನೀರನ್ನು ಮೇಲ್ಮೈ ಕರ್ಷಣವು ಬಲವಾಗಿ ಹಿಡಿದಿರುತ್ತದೆ. ದೊಡ್ಡ ಸಂದಿನಲ್ಲಿ ಆ ಹಿಡಿತ ಸಡಿಲ. ಮರಳಿನ ಸಂದಿನ ತ್ರಿಜ್ಯವು 0.1 ಮಿಲಿಮೀಟರು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಅದು ಸುಮಾರು 15 ಸೆಂಟಿಮೀಟರು ಎತ್ತರದ ನೀರನ್ನು ತಡೆದು ನಿಲ್ಲಿಸಬಲ್ಲುದು. ಒಂದು ಮಿಲಿಮೀಟರು ತ್ರಿಜ್ಯದ ಜಲ್ಲಿಯ ಸಂದಾದರೋ ಒಂದೂವರೆ ಸೆಂಟಿಮೀಟರಿನಷ್ಟನ್ನು ಮಾತ್ರ. ಆದುದರಿಂದ ಮರಳಿನಲ್ಲಿರುವ ನೀರು ಗಟ್ಟಿ ಹಿಡಿತವನ್ನು ಬಿಟ್ಟು ಸಡಿಲ ಹಿಡಿತದ ಜಲ್ಲಿಗೆ ಸುಲಭವಾಗಿ ಇಳಿಯದು. ಮೇಲಿನ ನೀರಿನ ಭಾರವು ಈ ಹಿಡಿತವನ್ನು ಮೀರುವಷ್ಟಾದಾಗ ಮಾತ್ರ ಹೆಚ್ಚಿನ ನೀರು ಜಲ್ಲಿಗೆ ಸುರಿದುಹೋಗುತ್ತದೆ.

ಮೂವತ್ತು ಸೆಂಟಿಮೀಟರು ಎಂಬ ಅಳತೆಯ ಮರ್ಮ ಈಗ ತಿಳಿಯಿತಷ್ಟೆ. ಕೆಳಗಿನ ಅರ್ಧದಲ್ಲಿ ನೀರಿನ ಉಗ್ರಾಣ. ಮೇಲಿನ ಅರ್ಧದಲ್ಲಿ ಗಾಳಿ. ಪದರವು ಹತ್ತೇ ಸೆಂಟಿಮೀಟರು ಇದ್ದಿದ್ದರೆ ಹುಲ್ಲಿನ ಬುಡದವರೆಗೂ ಕೆಸರು. ಒಂದು ಮೀಟರು ಇದ್ದಿದ್ದರೆ ನೀರು ಬೇರಿಗೆ ಎಟುಕದು. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಉದ್ದನೆಯ ಸ್ಪಂಜೊಂದನ್ನು ನೀರಿನಲ್ಲಿ ಅದ್ದಿ, ಮಟ್ಟಸವಾಗಿ ಹಿಡಿದು, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಬಳಿಕ ಅದನ್ನು ಹಿಂಡದೆ, ನೆಟ್ಟಗೆ ನಿಲ್ಲುವಂತೆ ತಿರುಗಿಸಿರಿ. ಮತ್ತೆ ನೀರು ಸುರಿಯತೊಡಗುತ್ತದೆ. ಸ್ಪಂಜು ಅದೇ, ಸಂದುಗಳು ಅವೇ. ಹೆಚ್ಚಿದ್ದು ಎತ್ತರ ಮಾತ್ರ.

ಈ ವಿಷಯಕ್ಕೂ ನಮ್ಮ ಬೆಂಗಳೂರಿಗೂ ಸಂಬಂಧವೊಂದಿದೆ. ಮರಳಿನಲ್ಲಿ ತಂಗಿದ ನೀರನ್ನು ಕೆಳಗಿನ ಕೊಳವೆಗಳ ಮೂಲಕ ಯಂತ್ರದಿಂದ ಹೀರಿ ತೆಗೆಯುವ ಸಬ್‌ಏರ್ ಎಂಬ ಏರ್ಪಾಡು ಅಮೆರಿಕದ ಆಗಸ್ಟಾ ಗಾಲ್ಫ್ ಅಂಗಳದಲ್ಲಿ ರೂಪುಗೊಂಡಿತು. ಚಿನ್ನಸ್ವಾಮಿ ಕ್ರಿಕೆಟ್ ಕ್ರೀಡಾಂಗಣದಲ್ಲಿ 2017ರಲ್ಲಿ ಅದನ್ನು ಅಳವಡಿಸಿದರು. ಮೇಲೆ ಹೇಳಿದ 15 ಸೆಂಟಿಮೀಟರು ನೀರಿನ ಹಿಡಿತವನ್ನು ಮುರಿಯಲು ವಾಯುಮಂಡಲದ ಒತ್ತಡದ ಎಪ್ಪತ್ತರಲ್ಲಿ ಒಂದು ಪಾಲಿನಷ್ಟು ಹೀರಿಕೆ ಸಾಕು. ಮಳೆ ನಿಂತ ಸ್ವಲ್ಪ ಹೊತ್ತಿನಲ್ಲಿಯೇ ಅಲ್ಲಿ ಆಟ ಮೊದಲಾಗುವುದರ ಹಿಂದಿರುವ ತತ್ತ್ವ ಇದೇ.

ಚೆಂಡು ಎಲ್ಲಿ ನಿಂತೀತು?

ಇನ್ನು ಗ್ರೀನಿನ ಮೇಲ್ಮೈಗೆ ಬರೋಣ. 1935ರಲ್ಲಿ ಓಕ್‌ಮಾಂಟ್ ಎಂಬಲ್ಲಿ ನಡೆದ ಪಂದ್ಯವೊಂದರಲ್ಲಿ, ನುರಿತ ಆಟಗಾರರೊಬ್ಬರು ಮೆಲ್ಲನೆ ತಳ್ಳಿದ ಚೆಂಡು ನಿಲ್ಲದೆ ಗ್ರೀನನ್ನೇ ದಾಟಿ ಬಂಕರಿಗೆ ಉರುಳಿದ್ದನ್ನು ಎಡ್ವರ್ಡ್ ಸ್ಟಿಂಪ್‌ಸನ್ ಎಂಬವರು ಕಂಡರು. ಗ್ರೀನಿನ ವೇಗವನ್ನು ಅಳೆಯಲು ಅವರು ಸರಳವಾದ ಸಾಧನವೊಂದನ್ನು ರಚಿಸಿದರು. ಅದೇ ಸ್ಟಿಂಪ್‌ಮೀಟರು. ಸುಧಾರಿತ ರೂಪದಲ್ಲಿ ಅದೊಂದು ಅಲ್ಯೂಮಿನಿಯಮ್ ದೋಣಿ, ಅಷ್ಟೆ. ಅದರ ತುದಿಯಿಂದ 76 ಸೆಂಟಿಮೀಟರು ದೂರದಲ್ಲಿ ಚೆಂಡನ್ನಿಡಲು ಒಂದು ಕಚ್ಚು. ದೋಣಿಯ ಆ ಕಡೆಯನ್ನು ನಿಧಾನವಾಗಿ ಎತ್ತುತ್ತ ಹೋದರೆ ಸುಮಾರು 20 ಡಿಗ್ರಿ ಓರೆಯಲ್ಲಿ ಚೆಂಡು ತಾನಾಗಿ ಉರುಳಿ ಇಳಿಯುತ್ತದೆ.

ಚೆಂಡು ಇಳಿಯುವ ಎತ್ತರ ಸುಮಾರು 26 ಸೆಂಟಿಮೀಟರು. ಅದು ಉರುಳದೆ ಜಾರಿದ್ದರೆ ಅದರ ವೇಗ ಸೆಕೆಂಡಿಗೆ 2.26 ಮೀಟರು ಆಗುತ್ತಿತ್ತು. ಆದರೆ ಶಕ್ತಿಯ ಒಂದು ಪಾಲು ಚೆಂಡಿನ ತಿರುಗುವಿಕೆಗೆ ಸಲ್ಲುವುದರಿಂದಲೂ, ನೆಲಕ್ಕಿಳಿಯುವಾಗ ಕೊಂಚ ನಷ್ಟವಾಗುವುದರಿಂದಲೂ, ಹುಲ್ಲಿನ ಮೇಲೆ ಅದರ ವೇಗ ಸೆಕೆಂಡಿಗೆ 1.83 ಮೀಟರು ಮಾತ್ರ. ಪ್ರತಿ ಸಲವೂ ಇಷ್ಟೇ. ಆದುದರಿಂದ ಚೆಂಡು ಎಷ್ಟು ದೂರ ಉರುಳಿತೆಂದು ಅಳೆದರೆ ಹುಲ್ಲಿನ ತಡೆ ಎಷ್ಟೆಂದು ತಿಳಿಯುತ್ತದೆ. ಸಮತಟ್ಟಾದ ಗ್ರೀನಿನ ಮೇಲೆ ಅದು 2.4 ಮೀಟರು ಉರುಳಿದರೆ, ಉರುಳು ಘರ್ಷಣೆಯ ಗುಣಾಂಕ ಸುಮಾರು 0.07. ಹುಲ್ಲನ್ನು ಇನ್ನೂ ಗಿಡ್ಡವಾಗಿ ಕತ್ತರಿಸಿ, ನೆಲವನ್ನು ಒಣಗಿಸಿ, ಪಂದ್ಯಾವಳಿಗೆ ಅಣಿಗೊಳಿಸಿದಾಗ ಅದೇ ಚೆಂಡು 3.6 ಮೀಟರು ಉರುಳಿತೆನ್ನೋಣ. ಆಗ ಗುಣಾಂಕ 0.047. ದೂರ ಒಂದೂವರೆ ಪಟ್ಟಾಯಿತು.

ಸಮತಟ್ಟಾದ ನೆಲದ ಬದಲು, ಮೀಟರಿಗೆ ಮೂರು ಸೆಂಟಿಮೀಟರಿನಂತೆ ಇಳಿಜಾರಾದ ಗ್ರೀನಿನಲ್ಲಿ ಅದೇ ಚೆಂಡನ್ನು ಕೆಳಮುಖವಾಗಿ ಬಿಡೋಣ. ಈಗ ಗುರುತ್ವವು ಘರ್ಷಣೆಗೆ ಎದುರಾಗಿ ಚೆಂಡನ್ನು ಎಳೆಯುತ್ತದೆ. ಘರ್ಷಣೆಯ ಗುಣಾಂಕದಿಂದ 0.03ನ್ನು ಕಳೆದರೆ ಉಳಿಯುವುದಷ್ಟೇ ನಿಜವಾದ ತಡೆ. ಸಾಧಾರಣ ಹುಲ್ಲಿನಲ್ಲಿ 0.04 ಉಳಿಯುತ್ತದೆ, ಚೆಂಡು ಸುಮಾರು 4.3 ಮೀಟರು ಉರುಳಿ ನಿಲ್ಲುತ್ತದೆ. ಪಂದ್ಯಾವಳಿಯ ಹುಲ್ಲಿನಲ್ಲಿ 0.017 ಮಾತ್ರ ಉಳಿಯುತ್ತದೆ. ಚೆಂಡು 10 ಮೀಟರು ಉರುಳುತ್ತದೆ! ಇಳಿಜಾರು ಮೀಟರಿಗೆ ಐದು ಸೆಂಟಿಮೀಟರಾದರೆ ಮೊದಲನೆಯದರಲ್ಲಿ ಚೆಂಡು ಹೇಗೋ ನಿಂತೀತು; ಎರಡನೆಯದರಲ್ಲಿ ಇಳಿಜಾರು ಮುಗಿಯುವವರೆಗೂ ನಿಲ್ಲದು.

ಹುಲ್ಲನ್ನು ಇಂದಿನಷ್ಟು ನುಣ್ಣಗೆ ಕತ್ತರಿಸದಿದ್ದ ಕಾಲದಲ್ಲಿ ಸೊಗಸೆನಿಸಿದ್ದ ಏರಿಳಿತಗಳು ಇಂದಿನ ಪಂದ್ಯಾವಳಿಗೆ ಏಕೆ ಒಗ್ಗುವುದಿಲ್ಲವೆಂಬುದಕ್ಕೆ ಈ ಪುಟ್ಟ ಲೆಕ್ಕವೇ ಉತ್ತರ. ಹಳೆಯ ಗ್ರೀನುಗಳ ಓರೆಯನ್ನು ತಗ್ಗಿಸಿ, ಕುಳಿ ತೋಡಲು ತಕ್ಕ ಸೌಮ್ಯ ಜಾಗಗಳನ್ನು ಕಲ್ಪಿಸಬೇಕಾಗುತ್ತದೆ. ಇಷ್ಟಾದರೂ ಗ್ರೀನು ಯಾರನ್ನೂ ಸುಮ್ಮನೆ ಬಿಡುವುದಿಲ್ಲ. 2005ರ ಪಂದ್ಯದಲ್ಲಿ ವುಡ್ಸ್ ಮತ್ತು ಡೇಲಿ ಸಮಸಮನಾಗಿ ನಿಂತು, ತೀರ್ಪಿಗಾಗಿ ಹೆಚ್ಚಿನ ಕುಳಿಗಳನ್ನು ಆಡಬೇಕಾಯಿತು. ಅವುಗಳಲ್ಲಿ ಎರಡನೆಯದರಲ್ಲಿ ಡೇಲಿಯವರ ಚೆಂಡು ಸುಮಾರು ಒಂದು ಮೀಟರು ದೂರದಿಂದ ಕುಳಿಯನ್ನು ತಪ್ಪಿಸಿಕೊಂಡಿತು. ಪ್ರಶಸ್ತಿ ವುಡ್ಸ್ ಅವರದಾಯಿತು.

ಉದ್ದ ಮತ್ತು ಗಾಳಿ

ನವೀಕರಣದ ಮುನ್ನ ಸುಮಾರು 6,700 ಗಜ ಉದ್ದವಿದ್ದ ಹಾರ್ಡಿಂಗ್ ಪಾರ್ಕು ಬಳಿಕ 7,200 ಗಜಗಳ ಆಸುಪಾಸಿಗೆ ಬೆಳೆಯಿತು. ಇಂದಿನ ಕೋಲು ಮತ್ತು ಚೆಂಡುಗಳಿಂದ ಪ್ರವೀಣರು ಅಷ್ಟು ದೂರ ಹೊಡೆಯಬಲ್ಲರು. ಆದರೆ ಈ ಅಂಗಳಕ್ಕೆ ನಿಸರ್ಗದತ್ತವಾದ ರಕ್ಷಣೆಯೊಂದುಂಟು. ಅದು ಸಮುದ್ರದ ತಂಪುಗಾಳಿ. ಹತ್ತು ಡಿಗ್ರಿ ಸೆಂಟಿಗ್ರೇಡಿನ ಗಾಳಿಯು ಮೂವತ್ತು ಡಿಗ್ರಿಯ ಗಾಳಿಗಿಂತ ನೂರಕ್ಕೆ ಏಳರಷ್ಟು ಹೆಚ್ಚು ಸಾಂದ್ರವಾದುದು. ಹೆಚ್ಚು ಸಾಂದ್ರವಾದ ಗಾಳಿ ಚೆಂಡನ್ನು ಹೆಚ್ಚು ತಡೆಯುತ್ತದೆ. ಮಂಜು ಕವಿದ ದಿನ ಚೆಂಡು ದೂರ ಹೋಗದಿರುವುದಕ್ಕೆ ಗಾಳಿಯ ತೇವವೇ ಕಾರಣವೆಂದು ಆಟಗಾರರು ಹೇಳುವುದುಂಟು. ಅದು ಸರಿಯಲ್ಲ. ನೀರಿನ ಅಣು ಸಾರಜನಕದ ಅಣುವಿಗಿಂತ ಹಗುರವಾದ್ದರಿಂದ, ಉಷ್ಣತೆ ಮತ್ತು ಒತ್ತಡ ಒಂದೇ ಆಗಿರುವಾಗ, ತೇವದ ಗಾಳಿಯೇ ಒಣಗಾಳಿಗಿಂತ ಹಗುರ. ಚೆಂಡನ್ನು ತಡೆಯುವುದು ತೇವವಲ್ಲ, ಚಳಿ.

ಉದ್ದವನ್ನು ಹೆಚ್ಚಿಸಿದ ಬಗೆಯನ್ನು ಗಮನಿಸಬೇಕು. ಗ್ರೀನುಗಳನ್ನು ದೂರಕ್ಕೊಯ್ದರೆ ಎಲ್ಲರೂ ಅಷ್ಟು ದೂರ ಆಡಬೇಕಾಗುತ್ತದೆ. ಅದಕ್ಕೆ ಬದಲಾಗಿ ಹಿಂದುಗಡೆ ಹೊಸ ಟೀಗಳನ್ನು ಕಟ್ಟಿದರೆ ಪ್ರವೀಣರು ಹಿಂದಿನಿಂದ ಹೊಡೆಯುತ್ತಾರೆ. ಮುದುಕರು, ಮಕ್ಕಳು, ಹೊಸಬರು ಮುಂದಿನ ಟೀಗಳಿಂದ ಆಡುತ್ತಾರೆ. ಒಂದೇ ನೆಲ ಹಲವು ಅಂಗಳಗಳಾಗುತ್ತದೆ.

ಯಾರ ಅಂಗಳ?

ಈಗ ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಮರಳಬಹುದು. ಸಾರ್ವಜನಿಕರ ಸ್ವತ್ತಿನ ಮೇಲೆ ಇಷ್ಟು ಹಣ ಸುರಿದು ಕೆಲವೇ ಪ್ರವೀಣರನ್ನು ಬರಮಾಡಿಕೊಳ್ಳಬೇಕೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹದಿನೈದು ತಿಂಗಳು ತಮ್ಮ ಅಂಗಳವನ್ನು ಕಳೆದುಕೊಂಡವರು ನಿತ್ಯದ ಆಟಗಾರರೇ. ಅಂಗಳ ಚೆಲುವಾದ ಮೇಲೆ ಶುಲ್ಕ ಏರಿ, ಅವರು ಶಾಶ್ವತವಾಗಿಯೇ ಹೊರಗುಳಿಯುವ ಭಯವೂ ಇದ್ದಿತು. ನಗರನಿವಾಸಿಗಳಿಗೆ ಹೊರಗಿನವರಿಗಿಂತ ಬಹಳ ಕಡಮೆ ಶುಲ್ಕವನ್ನಿಟ್ಟದ್ದು, ಒಳಗಿರುವ ಒಂಬತ್ತು ಕುಳಿಗಳ ಫ್ಲೆಮಿಂಗ್ ಅಂಗಳವನ್ನು ಉಳಿಸಿಕೊಂಡದ್ದು, ಮಕ್ಕಳಿಗೆ ಆಟ ಕಲಿಸುವ ಕಾರ್ಯಕ್ರಮಕ್ಕೆ ನೆಲೆಯೊದಗಿಸಿದ್ದು, ಇವು ಆ ಭಯಕ್ಕೆ ಕೊಟ್ಟ ಉತ್ತರಗಳು. 2012ರಿಂದ ನೆರೆಯ ಡೇಲಿ ಸಿಟಿಯಲ್ಲಿ ಶುದ್ಧಗೊಳಿಸಿದ ಬಳಕೆನೀರನ್ನು ಹುಲ್ಲಿಗೆ ಉಣಿಸುವ ಏರ್ಪಾಡೂ ಆಯಿತು. ಕುಡಿಯುವ ನೀರಿನ ಬೆಲೆಯರಿತವರು ಇದನ್ನು ಮೆಚ್ಚದಿರಲಾರರು.

ನಮಗೆ ತೋರುವಂತೆ, ಇಂಥ ಕೆಲಸದ ಒಳಿತು ಕೆಡಕುಗಳನ್ನು ಅಳೆಯಲು ಭೌತವಿಜ್ಞಾನವೇ ಒಂದು ಅಳತೆಗೋಲನ್ನು ಕೊಡುತ್ತದೆ. ನೆಲಕ್ಕೆ ಮಾಡುವ ಬದಲಾವಣೆಗಳು ಎರಡು ಬಗೆ. ಹುಲ್ಲಿನ ಎತ್ತರ, ಟೀಗಳ ಆಯ್ಕೆ, ಕುಳಿಯ ಜಾಗ ಇವನ್ನು ಮರುವಾರವೇ ಬದಲಿಸಬಹುದು. ಗ್ರೀನಿನ ಓರೆ, ಮರಳಿನ ಪದರ, ನೀರಿನ ಕೊಳವೆ ಇವು ದಶಕಗಳವರೆಗೆ ಹಾಗೆಯೇ ಉಳಿಯುತ್ತವೆ. ಬೇಗ ಬದಲಿಸಬಹುದಾದುದನ್ನು ನಾಲ್ಕು ದಿನದ ಅತಿಥಿಗಳಿಗಾಗಿ ಬದಲಿಸಲಿ. ಬದಲಿಸಲಾಗದುದನ್ನು ಮಾತ್ರ ವರ್ಷವಿಡೀ ಆಡುವವರನ್ನು ನೆನೆದು ಕಟ್ಟಬೇಕು. ಬಸಿಯುವ ನೆಲ ಎಲ್ಲರಿಗೂ ಬೇಕು. ಸೌಮ್ಯವಾದ ಓರೆ ಸಾಮಾನ್ಯನಿಗೂ ಹಿತವೇ. ಹಿಂದಿನ ಟೀ ಬೇಡವಾದವನು ಅದನ್ನು ದಾಟಿ ಮುಂದೆ ನಡೆದರಾಯಿತು.

2020ರ ಆಗಸ್ಟಿನಲ್ಲಿ ಹಾರ್ಡಿಂಗ್ ಪಾರ್ಕಿನಲ್ಲಿ ಪಿ.ಜಿ.ಎ. ಚಾಂಪಿಯನ್‌ಷಿಪ್ ನಡೆದು, ಕಾಲಿನ್ ಮೊರಿಕಾವ ಎಂಬ ತರುಣ ಆಟಗಾರರು ಗೆದ್ದರು. ಸಾಂಕ್ರಾಮಿಕ ರೋಗದ ಕಾಲವಾದ್ದರಿಂದ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಪಂದ್ಯ ಮುಗಿದ ಮೇಲೆ ಆಟಗಾರರು ಹೋದರು. ಅಂಗಳ ಮತ್ತೆ ಊರಿನವರದಾಯಿತು.

ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಗಾಲ್ಫ್ ಅಂಗಳವನ್ನು ಕಂಡಿರಲಾರರು. ಆದರೆ ಶಾಲೆಯ ಆಟದ ಬಯಲು ಎಲ್ಲರಿಗೂ ಇದೆ. ಅರ್ಧಕ್ಕೆ ಸೀಳಿದ ಕೊಳವೆಯೊಂದನ್ನು ದೋಣಿಯಂತೆ ಓರೆಯಾಗಿ ಹಿಡಿದು, 26 ಸೆಂಟಿಮೀಟರು ಎತ್ತರದಿಂದ ಕ್ರಿಕೆಟ್ ಚೆಂಡೊಂದನ್ನು ಉರುಳಬಿಡಿರಿ. ಸಿಮೆಂಟಿನ ನೆಲದಲ್ಲಿ, ಒಣಮಣ್ಣಿನಲ್ಲಿ, ಹುಲ್ಲಿನಲ್ಲಿ ಅದು ಓಡುವ ದೂರಗಳನ್ನು ಅಳೆಯಿರಿ. ಎದುರುಬದುರು ದಿಕ್ಕುಗಳಲ್ಲಿ ಅಳೆದು ಹೋಲಿಸಿದರೆ, ಕಣ್ಣಿಗೆ ಮಟ್ಟಸವೆಂದು ಕಾಣುವ ನೆಲದ ಓರೆಯೂ ಬಯಲಾಗುತ್ತದೆ. ಮಳೆ ಬಂದ ಮರುದಿನ ನೀರು ಎಲ್ಲಿ ನಿಂತಿದೆ, ಎಷ್ಟು ಹೊತ್ತು ನಿಂತಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿರಿ. ನಮ್ಮ ಬಯಲಿನ ಜೀರ್ಣೋದ್ಧಾರವೂ ಎಂದಾದರೂ ನಡೆದರೆ, ಆ ಕೆಲಸಕ್ಕೆ ಬೇಕಾಗುವ ಮೊದಲ ಅಂಕಿಅಂಶಗಳು ಅವೇ.